ದಾಕ್ಷಿಣ್ಯಪ್ಪನ ಸ್ವಯಂಸೇವೆ

ದಾಕ್ಷಿಣ್ಯ ಅನ್ನುವುದು ಒಂದು ಕಾಯಿಲೆ ಎಂದು ಯಾವ ವೈದ್ಯರೂ ಇದುವರೆಗೆ ಬರೆದಿಲ್ಲ. ಅವರು ನಮ್ಮ ಬೀಗದ ಕಾರ್ಖಾನೆಯ ಕೀಲಿ ವಿಭಾಗಕ್ಕೆ ಬಂದು ನೋಡಿಲ್ಲ, ಅಷ್ಟೇ. ಅಲ್ಲಿ ಮೂಲೆಯ ಮೇಜಿನ ಮುಂದೆ ಕುಳಿತು, ತಯಾರಾದ ಪ್ರತಿ ಬೀಗಕ್ಕೂ ಅದರ ಕೀಲಿ ಕೂಡುತ್ತದೋ ಇಲ್ಲವೋ ಎಂದು ತಿರುಗಿಸಿ ನೋಡುವ ಮನುಷ್ಯನಿಗೆ ಹೆತ್ತವರು ಏನೋ ಹೆಸರಿಟ್ಟಿದ್ದರು. ನಾವು ಮಾತ್ರ ಅವನನ್ನು ದಾಕ್ಷಿಣ್ಯಪ್ಪ ಎಂದೇ ಕರೆಯುತ್ತಿದ್ದೆವು. ಕ್ಷೌರದವನು ಕೈತಪ್ಪಿ ಮೀಸೆಯ ಒಂದು ಬದಿ ಎಗರಿಸಿದಾಗ, 'ಬಹಳ ಚೆನ್ನಾಗಿದೆ' ಎಂದು ಹೇಳಿ ಬಂದು ಇನ್ನೊಂದು ಬದಿಯನ್ನು ಮನೆಯಲ್ಲಿ ತಾನೇ ಬೋಳಿಸಿಕೊಂಡವನು. ಬಸ್ಸಿನಲ್ಲಿ ಪಕ್ಕದವನು ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದನೆಂದು, ಎಬ್ಬಿಸಲಾರದೆ, ತನ್ನ ನಿಲ್ದಾಣ ಬಿಟ್ಟು ಕಡೆಯ ನಿಲ್ದಾಣದ ತನಕ ಹೋಗಿ ನಡೆದುಕೊಂಡು ವಾಪಸ್ಸು ಬಂದವನು. "ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇರಲ್ಲ" ಎಂಬ ಗಾದೆಯನ್ನು ಅವನ ಹೆಂಡತಿ ದಿನಕ್ಕೊಮ್ಮೆಯಾದರೂ ಊಟದ ಜೊತೆಗೆ ಬಡಿಸುತ್ತಿದ್ದಳು. ಆ ಗಾದೆ ಸುಳ್ಳಾದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಆವತ್ತು ಬಿಟ್ಟ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ನಮ್ಮ ಕಂಪನಿಗೆ ವರ್ಷಕ್ಕೊಮ್ಮೆ ಕರುಣೆ ಉಕ್ಕುತ್ತದೆ. ಅದಕ್ಕೆ ದಾನ ಸಪ್ತಾಹ ಎಂದು ಹೆಸರು. ಮ್ಯಾನೇಜರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ನೀವೆಲ್ಲ ಸ್ವಂತ ಇಚ್ಛೆಯಿಂದ ಒಂದು ದಿನದ ಸಂಬಳ ಕೊಟ್ಟಿದ್ದೀರಿ" ಎಂದು ತಿಳಿಸುತ್ತಾರೆ. ನಮ್ಮ ಇಚ್ಛೆ ನಮಗೆ ತಿಳಿಯುವುದು ಹಾಗೆ. ಈ ವರ್ಷದ ಕರುಣೆ ಮನೆಯಿಲ್ಲದವರ ಪಾಲಿಗೆ ಬಂದಿತ್ತು. ಕಾರ್ಖಾನೆಯ ಹಿಂದಿನ ಬೀದಿಯಲ್ಲಿರುವ ನಮ್ಮದೇ ಹಳೇ ಗೋದಾಮಿನಲ್ಲಿ ಅಂಥವರು ಎಷ್ಟೋ ಕಾಲದಿಂದ ವಾಸವಾಗಿದ್ದರು. ಶನಿವಾರ ಅಲ್ಲೇ ಸಮಾರಂಭ. ಸಂಬಳದಲ್ಲಿ ಹಿಡಿದದ್ದು ಶಾಮಿಯಾನಕ್ಕೆ, ಪತ್ರಿಕೆಯವರಿಗೆ. ಕೊಡುವ ವಸ್ತು ಕಂಪನಿಯದೇ: ತಲೆಗೊಂದು ಬೀಗ.

ಕೀಲಿ ಕೂಡದೆ ಅಂಗಡಿಗಳಿಂದ ವಾಪಸ್ಸು ಬಂದ ಬೀಗಗಳು ಮೂಟೆಗಟ್ಟಲೆ ಬಿದ್ದಿದ್ದವು.

"ಸಾರ್, ಮನೆ ಇಲ್ಲದವರಿಗೆ ಬೀಗ ಯಾಕೆ?" ಎಂದು ಪ್ಯಾಕಿಂಗ್‌ನವನೊಬ್ಬ ಕೇಳಿದ.

"ಮೊದಲು ಬೀಗ ಇರಲಿ. ಬೀಗ ಇದ್ರೆ, ಇದಕ್ಕೊಂದು ಮನೆ ಮಾಡಬೇಕು ಅನ್ನೋ ಆಸೆ ತಾನಾಗೇ ಹುಟ್ಟುತ್ತೆ," ಅಂದರು ಮ್ಯಾನೇಜರು.

ನಾವು ಚಪ್ಪಾಳೆ ತಟ್ಟಿದೆವು. ಸಂಬಳದ ದಿನ ಹತ್ತಿರದಲ್ಲಿತ್ತು.

"ಮುಂಚೆ ಹೋಗಿ ಅಲ್ಲಿನವರ ಜೊತೆ ಮಾತಾಡಿ ಬರೋಕೆ ಒಬ್ಬ ಸ್ವಯಂಸೇವಕ ಬೇಕು. ಮನಸ್ಸಿರೋರು ಒಂದು ಹೆಜ್ಜೆ ಮುಂದೆ ಬನ್ನಿ."

ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಬಿದ್ದ ಕೀಲಿಯೊಂದನ್ನು ಹೆಕ್ಕಲು ಬಗ್ಗಿದ್ದ ದಾಕ್ಷಿಣ್ಯಪ್ಪ ತಲೆಯೆತ್ತುವಷ್ಟರಲ್ಲಿ ಅಂಗಳದ ನಟ್ಟನಡುವೆ ಒಬ್ಬನೇ ಇದ್ದ. ಮ್ಯಾನೇಜರು ಅವನ ಕೈ ಕುಲುಕಿದರು. ಕುಲುಕಿದ ಕೈಗೆ ಇಲ್ಲ ಅನ್ನುವುದು ಹೇಗೆ?

ಮನೆಯಲ್ಲಿ ಅವನ ಭಾವಮೈದುನ ಬಂದು ಕೂತಿದ್ದ. ಈ ಭಾವಮೈದುನ ಯಾವುದೋ ಸಭಾಭವನಕ್ಕೆ ಒಂದು ಫ್ಯಾನು ದಾನ ಕೊಟ್ಟು, ಮೂರು ರೆಕ್ಕೆಗಳ ಮೇಲೂ ತನ್ನ ಹೆಸರು ಬರೆಸಿ, ತಿರುಗಿದರೆ ಹೆಸರು ಓದಲು ಬರುವುದಿಲ್ಲವೆಂದು ಫ್ಯಾನು ಹಾಕದಂತೆ ನೋಡಿಕೊಂಡ ಮಹಾದಾನಿ. ಅವನ ಎದುರು ದಾಕ್ಷಿಣ್ಯಪ್ಪನಿಗೂ ಸ್ವಲ್ಪ ಉಬ್ಬು ಬಂತು.

"ಅಷ್ಟು ಜನರಲ್ಲಿ ನನ್ನೊಬ್ಬನನ್ನೇ ಆರಿಸಿದ್ರು. ಮುಖ್ಯ ಸ್ವಯಂಸೇವಕ."

"ಭಾವ, ನಿಮ್ಮನ್ನಾ? ತಪ್ಪಿ ಬೇರೆ ಯಾರನ್ನೋ ಕರೆದಿರಬೇಕು, ನೀವು ದಾಕ್ಷಿಣ್ಯಕ್ಕೆ ಓ ಅಂದಿರ್ತೀರ," ಅಂದ ಭಾವಮೈದುನ. ಹೆಂಡತಿ ಮಾತ್ರ ಪೆಟ್ಟಿಗೆಯ ತಳದಿಂದ ಬಿಳಿ ಅಂಗಿ ತೆಗೆದು ಇಸ್ತ್ರಿ ಮಾಡಿಕೊಟ್ಟಳು.

ಮರುದಿನ ಸಂಜೆ ಆ ಬಿಳಿ ಅಂಗಿ ಗೋದಾಮಿನ ಬೀದಿಯ ತಿರುವಿನ ತನಕ ಬಿಳಿಯಾಗಿಯೇ ಇತ್ತು. ಅಲ್ಲಿ ನೀರಿನ ಪೈಪಿಗೆಂದು ಅಗೆದು ಬಿಟ್ಟ ಗುಂಡಿ. ಎದುರಿನಿಂದ ಬಂದ ಕತ್ತೆಗಾಡಿಗೆ ದಾರಿ ಬಿಡಲು, ಅಂದರೆ ಕತ್ತೆಗೂ ದಾಕ್ಷಿಣ್ಯ ತೋರಿಸಲು ಹೋಗಿ, ದಾಕ್ಷಿಣ್ಯಪ್ಪ ಗುಂಡಿಗೆ ಇಳಿದ. ಮೇಲೆ ಬಂದಾಗ ಮೈಯೆಲ್ಲ ಕೆಸರು, ಅಂಗಿಯ ತೋಳು ಹರಿದು ಜೋತಾಡುತ್ತಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ಆ ಅವತಾರದಲ್ಲೇ ಗೋದಾಮಿನ ಬಾಗಿಲಿಗೆ ಹೋಗಿ ನಿಂತ.

ಬಾಗಿಲ ಬಳಿಯೇ ದೊಡ್ಡ ಒಲೆ. ಅದರ ಮುಂದೆ ಸೌಟು ಹಿಡಿದು ನಿಂತಿದ್ದ ಹೆಂಗಸನ್ನು ಅಲ್ಲಿನವರು ಸೌಟಿನಕ್ಕ ಅನ್ನುತ್ತಾರೆ. ಅವಳೂ ಅಲ್ಲೇ ಇರುವವಳು.

ದಾಕ್ಷಿಣ್ಯಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಅಮ್ಮಾ, ನಾನು ಸ್ವಯಂಸೇವೆಗೆ ಬಂದಿದ್ದೀನಿ," ಅಂದ.

ಸೌಟಿನಕ್ಕ ಅವನನ್ನು ತಲೆಯಿಂದ ಒಂಟಿ ಚಪ್ಪಲಿಯ ತನಕ ನೋಡಿದಳು. "ಇಲ್ಲಿ ಎಲ್ಲರದೂ ಸ್ವಯಂ ಸೇವೆನೇ ಕಣಪ್ಪ. ಬಡಿಸೋಕೆ ಯಾರೂ ಬರಲ್ಲ. ತಟ್ಟೆ ಅಲ್ಲಿದೆ, ನಲ್ಲಿ ಇಲ್ಲಿದೆ. ಮುಖ ತೊಳ್ಕೊಂಡು ಸಾಲಿನಲ್ಲಿ ನಿಂತ್ಕೋ."

"ಹಾಗಲ್ಲಮ್ಮ. ನಾನು ಬೀಗದ ಕಂಪನಿಯವನು."

ಸಾಲಿನಲ್ಲಿದ್ದ ಮುದುಕನೊಬ್ಬ ತಿರುಗಿ ನೋಡಿದ. ದಾಕ್ಷಿಣ್ಯಪ್ಪನಿಗೆ ಗುರುತು ಸಿಕ್ಕಿತು. ನಮ್ಮ ಅರ ಹಾಕುವ ವಿಭಾಗದ ಮೇಸ್ತ್ರಿ. ಹೊಸ ಯಂತ್ರ ಬಂದ ವರ್ಷ ಅವನನ್ನು ಕೆಲಸದಿಂದಲೂ ಕಂಪನಿಯ ಮನೆಯಿಂದಲೂ ಒಟ್ಟಿಗೇ ಬಿಡಿಸಿದ್ದರು. ನಾವೆಲ್ಲ ಸೇರಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದೆವು. ನೇತುಹಾಕಲು ಗೋಡೆ ಇದೆಯೇ ಎಂದು ಯಾರೂ ಕೇಳಿರಲಿಲ್ಲ.

"ತಮ್ಮಾ," ಅಂದ ಮೇಸ್ತ್ರಿ ಮೆಲ್ಲಗೆ, "ನಿನ್ನನ್ನೂ ಬಿಡಿಸಿದ್ರಾ?"

ಇಲ್ಲ ಎಂದರೆ, ನಿನ್ನನ್ನು ಬಿಡಿಸಿದ ಜಾಗದಲ್ಲಿ ನಾನು ಇನ್ನೂ ಹಾಯಾಗಿದ್ದೇನೆ ಎಂದು ಹೇಳಿದಂತೆ. ದಾಕ್ಷಿಣ್ಯಪ್ಪ ತಲೆ ತಗ್ಗಿಸಿದ. ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟು ತನ್ನ ಮುಂದೆ ನಿಲ್ಲಿಸಿಕೊಂಡ. ಸಾಲಿನ ಒಬ್ಬನೂ ಗೊಣಗಲಿಲ್ಲ.

"ಮನೇಲಿ ಯಾರಿದ್ದಾರೆ?" ಎಂದು ಗಂಜಿ ಸುರಿಯುತ್ತ ಸೌಟಿನಕ್ಕ ಕೇಳಿದಳು.

"ಹೆಂಡತಿ."

"ಕೆಲಸ ಹೋದ ತಕ್ಷಣ ಅವಳೂ ಹೊರಗೆ ತಳ್ಳಿದ್ಲಾ? ಅಂಗಿ ಹರಿಯೋ ಹಾಗೆ?"

ದಾಕ್ಷಿಣ್ಯಪ್ಪನ ಬಾಯಿ ತುಂಬ ಬಿಸಿ ಗಂಜಿ ಇತ್ತು. ಅವನು ಉಗುಳಲಿಲ್ಲ, ನುಂಗಲಾರದೆ ಕಣ್ಣಲ್ಲಿ ನೀರು ತಂದುಕೊಂಡ. ಅಷ್ಟು ಸಾಕಾಯಿತು.

ಊಟವಾದ ಮೇಲೆ ಸದ್ದಿಲ್ಲದೆ ಜಾರಿಕೊಳ್ಳಬೇಕೆಂಬುದು ಅವನ ಲೆಕ್ಕ. ಆದರೆ ಎಲ್ಲರೂ ಚಾಪೆ ಹಾಸಿ ಆಗಿತ್ತು. ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಗೋಡೆಯಿಂದ ಆ ಗೋಡೆಯ ತನಕ ಮನುಷ್ಯರು, ಮಡಚಿಟ್ಟ ಕೊಡೆಗಳ ಹಾಗೆ. 'ಜಾಗ ಇಲ್ಲವಲ್ಲ, ಬರ್ತೀನಿ' ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಸೌಟಿನಕ್ಕ ಸಣ್ಣ ದನಿಯಲ್ಲಿ, ದಿನಾ ಹೇಳುವ ಮಾತಿನಂತೆ, ಒಂದೇ ಒಂದು ಮಾತು ಹೇಳಿದಳು.

"ಸರ್ಕೊಳ್ಳಿ."

ಆಮೇಲೆ ಆದದ್ದನ್ನು ದಾಕ್ಷಿಣ್ಯಪ್ಪ ನಮಗೆ ಹೇಳುವಾಗಲೆಲ್ಲ ದನಿ ತಗ್ಗಿಸುತ್ತಾನೆ. ಬಾಗಿಲ ಬಳಿಯವನು ಒಂದು ಗೇಣು ಸರಿದ. ಅವನ ಪಕ್ಕದವಳು ಸರಿದಳು. ನಿದ್ದೆಯಲ್ಲಿದ್ದವರು ನಿದ್ದೆಯಲ್ಲೇ ಸರಿದರು. ಆ ಸರಿದಾಟ ಅಲೆಯಂತೆ ಆ ಕಡೆಯ ಗೋಡೆಗೆ ಹೋಗಿ ಮುಟ್ಟಿತು. ಮುಟ್ಟಿ ನಿಂತಾಗ ನಡುವೆ, ಇಲ್ಲದೇ ಇದ್ದ ಕಡೆ, ಒಬ್ಬ ಮನುಷ್ಯ ಮಲಗುವಷ್ಟು ನೆಲ ಹುಟ್ಟಿತ್ತು. ಯಾರೂ ಅದನ್ನು ದಾನ ಅನ್ನಲಿಲ್ಲ, ಫೋಟೋ ತೆಗೆಯಲಿಲ್ಲ. ಮೇಸ್ತ್ರಿ ತನ್ನ ಕಂಬಳಿ ತಂದು ಹೊದಿಸಿದ. ಅಷ್ಟು ಜನ ಸರಿದು ಕೊಟ್ಟ ಜಾಗದಲ್ಲಿ ಮಲಗದೆ ಎದ್ದು ಹೋದರೆ ಅವರಿಗೆ ಬೇಜಾರಾಗುವುದಿಲ್ಲವೇ? ಒಂದು ನಿಮಿಷ ಎಂದು ಮಲಗಿದವನಿಗೆ ಎಚ್ಚರವಾದಾಗ ಬೆಳಗಾಗಿತ್ತು.

ಇತ್ತ ಮನೆಯಲ್ಲಿ ಹೆಂಡತಿ ಕಣ್ಣು ಮುಚ್ಚಿರಲಿಲ್ಲ. ಭಾವಮೈದುನ ಪೊಲೀಸರಿಗೆ ಭಾವನ ಗುರುತು ಹೇಳಲು ಹೋಗಿ, ಹೇಳುವಂಥ ಗುರುತು ಒಂದೂ ಇಲ್ಲವೆಂದು ವಾಪಸ್ಸು ಬಂದಿದ್ದ. ಆಗ ಬೀದಿಯ ತುದಿಯಲ್ಲಿ ಮೆರವಣಿಗೆ ಕಾಣಿಸಿತು. ಮುಂದೆ ಸೌಟಿನಕ್ಕ, ಹಿಂದೆ ಮೇಸ್ತ್ರಿ, ನಡುವೆ ಕಂಬಳಿ ಹೊದ್ದ ದಾಕ್ಷಿಣ್ಯಪ್ಪ. ಎದುರುಮನೆಯಾಕೆ ಒಣಗಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತ ಹೊರಗೆ ನಿಂತಳು.

"ನೋಡು ತಾಯಿ," ಎಂದು ಸೌಟಿನಕ್ಕ ಪಂಚಾಯಿತಿ ಶುರುಮಾಡಿದಳು, "ಏನೇ ತಪ್ಪು ಮಾಡಿರಲಿ, ಕಟ್ಟಿಕೊಂಡ ಗಂಡ. ಒಳಗೆ ಸೇರಿಸ್ಕೋ."

"ಇವರು ಏನು ತಪ್ಪು ಮಾಡಿದ್ರು?"

"ಅದನ್ನ ಹೊರಗೆ ಹಾಕಿದ ನೀನೇ ಹೇಳಬೇಕು."

"ನಾನಾ? ಇವರನ್ನಾ? ರೀ, ಏನ್ರೀ ಇದು?"

ದಾಕ್ಷಿಣ್ಯಪ್ಪ ಕಂಬಳಿಯೊಳಗಿಂದ ಹೆಂಡತಿಯನ್ನು ನೋಡಿದ. ಆ ನೋಟ ಅವಳಿಗೆ ಗೊತ್ತು. ಮೀಸೆ ಹೋದ ದಿನವೂ ಅದೇ ನೋಟ ಇತ್ತು.

"ಅಮ್ಮಾ, ನಮ್ಮ ಭಾವ ಮುಖ್ಯ ಸ್ವಯಂಸೇವಕರು..." ಎಂದು ಭಾವಮೈದುನ ನಡುವೆ ಬಾಯಿ ಹಾಕಿದ.

"ಹೌದಪ್ಪ, ತಟ್ಟೆನೂ ಅವನೇ ತೊಳೆದ," ಎಂದು ಸೌಟಿನಕ್ಕ ಒಪ್ಪಿಕೊಂಡಳು. ಮತ್ತೆ ಹೆಂಡತಿಯ ಕಡೆ ತಿರುಗಿದಳು. "ನಿನಗೂ ಕಷ್ಟ ಇರುತ್ತೆ ತಾಯಿ, ಇಲ್ಲ ಅನ್ನಲ್ಲ. ಇಟ್ಕೊಳ್ಳೋಕೆ ಆಗಲೇ ಇಲ್ಲ ಅಂದ್ರೆ ಬೀದಿಗೆ ಮಾತ್ರ ಬಿಡಬೇಡ. ನಮ್ಮಲ್ಲಿಗೆ ಕಳಿಸು. ಅವನ ಜಾಗ ಹಾಗೇ ಇಟ್ಟಿರ್ತೀವಿ. ನೀನೂ ಬರೋದಾದ್ರೆ ಬಾ. ಇನ್ನೊಂದು ಚೂರು ಸರ್ಕೋತೀವಿ."

ಕಾಫಿ ಕುಡಿದು ಹೋಗಿ ಅಂದರೂ ಅವರು ನಿಲ್ಲಲಿಲ್ಲ. ಒಲೆ ಹಚ್ಚುವ ಹೊತ್ತಾಗಿತ್ತು. ಮೇಸ್ತ್ರಿ ಕಂಬಳಿಯನ್ನೂ ಬಿಟ್ಟು ಹೋದ, "ಚಳಿ ಇದೆ ತಮ್ಮ, ಹೊದ್ಕೋ" ಎಂದು. ಹೆಂಡತಿ ಆ ಕಂಬಳಿಯನ್ನು ಬಹಳ ಹೊತ್ತು ಮುಟ್ಟಿ ನೋಡಿದಳು. ಅದರಲ್ಲಿ ತೂತುಗಳೇ ಹೆಚ್ಚಿದ್ದವು. ಆವತ್ತು ಅವಳು ಗಾದೆ ಹೇಳಲಿಲ್ಲ. ಭಾವಮೈದುನ ಯಾಕೋ ಫ್ಯಾನಿನ ಮಾತು ಎತ್ತಲಿಲ್ಲ.

ಶುಕ್ರವಾರ ಮ್ಯಾನೇಜರು ದಾಕ್ಷಿಣ್ಯಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಆ ಗೋದಾಮು ಮಾರಿ ಆಗಿದೆ ಕಣ್ರೀ. ಸೋಮವಾರ ಕೆಡವ್ತಾರೆ, ವಾಹನ ನಿಲ್ಲಿಸೋ ಜಾಗ ಆಗುತ್ತೆ. ಬಿಡಿ ಅಂದ್ರೆ ಅವರು ಸುಮ್ಮನೆ ಬಿಡ್ತಾರಾ? ಕೂಗಾಟ ಆಗುತ್ತೆ. ಅದಕ್ಕೇ ಈ ಸಮಾರಂಭ. ಬೀಗ ಕೊಟ್ಟ ಮೇಲೆ ಫೋಟೋಗೆ ಅಂತ ಎಲ್ಲರನ್ನೂ ರಸ್ತೆಗೆ ಕರೀತೀನಿ. ಎಲ್ಲರೂ ನಿಂತ ಮೇಲೆ ಕರವಸ್ತ್ರ ತೆಗೆದು ಕಣ್ಣು ಒರೆಸ್ಕೋತೀನಿ. ನೋಡೋರಿಗೆ ಮನಸ್ಸು ಕರಗಿತು ಅನ್ನಿಸುತ್ತೆ, ನಿಮಗೆ ಅದೇ ಸನ್ನೆ. ತಕ್ಷಣ ಬಾಗಿಲು ಎಳೆದು ಬೀಗ ಹಾಕಿ. ಮೂಟೆ ಬೀಗ ಅಲ್ಲ, ಒಳ್ಳೇ ಬೀಗ."

"ಸಾರ್, ಅವರು ಎಲ್ಲಿಗೆ..."

"ನೀವೊಬ್ಬರೇ ನನ್ನ ಮಾತಿಗೆ ಇಲ್ಲ ಅನ್ನದವರು," ಎಂದು ಮ್ಯಾನೇಜರು ಮತ್ತೆ ಕೈ ಕುಲುಕಿದರು.

ಆ ದಿನವೆಲ್ಲ ದಾಕ್ಷಿಣ್ಯಪ್ಪ ಒಂದೇ ಬೀಗಕ್ಕೆ ಕೀಲಿ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತ ಕೂತಿದ್ದ. ಏನಾಯ್ತಯ್ಯ ಎಂದು ನಾವು ಕೇಳಲಿಲ್ಲ. ನಮಗೆ ನಮ್ಮ ಕೆಲಸವಿತ್ತು.

ಶನಿವಾರ ಗೋದಾಮಿನ ಮುಂದೆ ಶಾಮಿಯಾನ. ಪತ್ರಿಕೆಯವನು ಫೋಟೋಗೆಂದು ರಸ್ತೆಯ ಆಚೆ ಕ್ಯಾಮೆರಾ ಹೂಡಿ ನಿಂತಿದ್ದ. ಮ್ಯಾನೇಜರೂ ನಾವೂ ಒಳಗೆ ಹೋದೆವು. ಎದೆಯ ಮೇಲೆ ಕಂಪನಿಯ ಬಿಲ್ಲೆ ಹಾಕಿಕೊಂಡ ದಾಕ್ಷಿಣ್ಯಪ್ಪನನ್ನು ಕಂಡದ್ದೇ ಸೌಟಿನಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಕೂಗಿದಳು: "ನೋಡ್ರೋ, ಇವನನ್ನ ವಾಪಸ್ ಕೆಲಸಕ್ಕೆ ತಗೊಂಡಿದ್ದಾರೆ." ಇಡೀ ಗೋದಾಮು ಎದ್ದು ಬಂದು ಅವನ ಬೆನ್ನು ತಟ್ಟಿತು. ತಾನು ಕಳೆದುಕೊಂಡ ಕೆಲಸ ಇನ್ನೊಬ್ಬನಿಗೆ ಸಿಕ್ಕಿದೆಯೆಂದು ಮೇಸ್ತ್ರಿ ಕಣ್ಣು ತುಂಬಿಕೊಂಡು ನಗುತ್ತಿದ್ದ. ನಾವು ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು. ದಾಕ್ಷಿಣ್ಯಪ್ಪನ ಮುಖ ಸುಣ್ಣದಂತಾಗಿತ್ತು. ಅವನ ಕೈಯಲ್ಲಿ ಬೀಗವಿತ್ತು.

ಮ್ಯಾನೇಜರು ಭಾಷಣ ಶುರುಮಾಡಿದರು. ಅವರು ನಿಂತದ್ದು ಸರಿಯಾಗಿ ಈರುಳ್ಳಿ ರಾಶಿಯ ಪಕ್ಕ. ಸೌಟಿನಕ್ಕ ಮತ್ತೆ ಹೆಚ್ಚತೊಡಗಿದಳು. ಕಂಪನಿಯ ಕರುಣೆಯ ಇತಿಹಾಸ ಅರ್ಧಕ್ಕೆ ಬರುವಷ್ಟರಲ್ಲಿ ಮ್ಯಾನೇಜರ ಮೂಗು ಕೆಂಪಾಯಿತು, ದನಿ ಗದ್ಗದವಾಯಿತು, ಕಣ್ಣಲ್ಲಿ ಕೋಡಿ ಹರಿಯಿತು. ಅವರು ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಧಡ್ ಎಂದು ಕಬ್ಬಿಣದ ಬಾಗಿಲು ಮುಚ್ಚಿತು. ಒಳಗಡೆಯ ಕೊಂಡಿಗೆ ಬೀಗ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಬಾಗಿಲಿಗೆ ಬೆನ್ನು ಕೊಟ್ಟು ದಾಕ್ಷಿಣ್ಯಪ್ಪ ನಿಂತಿದ್ದ.

"ಏನ್ರೀ ಮಾಡಿದ್ರಿ?" ಮ್ಯಾನೇಜರ ದನಿ ಕೀರಲಾಯಿತು.

"ಕಣ್ಣು ಒರೆಸ್ಕೊಂಡ್ರಿ ಸಾರ್."

"ಒಳಗಿಂದ ಯಾಕ್ರೀ ಹಾಕಿದ್ರಿ?"

ದಾಕ್ಷಿಣ್ಯಪ್ಪ ಸ್ವಲ್ಪ ಯೋಚಿಸಿದ. "ನಾನು ಒಳಗಿದ್ದೆ ಸಾರ್."

ಮ್ಯಾನೇಜರು ಬೀಗದ ಕಡೆ ನೋಡಿ, ಕಾಲ ಬಳಿಯ ಬೀಗದ ಮೂಟೆಯ ಕಡೆ ನೋಡಿ, ಹಣೆ ಬಡಿದುಕೊಂಡರು. "ಮೂಟೆ ಬೀಗಾನೇ ಹಾಕಿಬಿಟ್ರಾ? ಕೀಲಿ ಕೂಡದ ಬೀಗಾನಾ?"

"ಇಲ್ಲ ಸಾರ್, ಕೀಲಿ..."

"ಬಾಯಿ ಮುಚ್ರೀ. ಇನ್ನು ನಾನು ಹೇಳೋ ತನಕ ಒಂದು ಮಾತು ಆಡಕೂಡದು."

ದಾಕ್ಷಿಣ್ಯಪ್ಪ ಬಾಯಿ ಮುಚ್ಚಿದ. ಹೇಳಿದ ಮಾತು ಮೀರಿದವನಲ್ಲ.

ನಾವು ಮೂಟೆ ಸುರಿದು ಇದ್ದಬದ್ದ ಕೀಲಿಯನ್ನೆಲ್ಲ ತಿರುಗಿಸಿದೆವು. ಒಂದೂ ಕೂಡಲಿಲ್ಲ. ಪ್ಯಾಕಿಂಗ್‌ನವನು ಒನಕೆಯಂಥ ಕಬ್ಬಿಣ ತಂದು, "ಒಡೆದುಬಿಡ್ಲಾ ಸಾರ್?" ಅಂದ. ಅಷ್ಟರಲ್ಲಿ ಕಿಟಕಿಯ ಸರಳುಗಳಾಚೆ ಪತ್ರಿಕೆಯವನು ಕ್ಯಾಮೆರಾ ಸಮೇತ ಹಾಜರಾಗಿದ್ದ. ಅವನ ತಲೆಯ ಮೇಲೆ ನಮ್ಮದೇ ಶಾಮಿಯಾನದ ಬ್ಯಾನರು: 'ಆನೆ ಎಳೆದರೂ ಬಿಚ್ಚದ, ಸುತ್ತಿಗೆ ಬಡಿದರೂ ಒಡೆಯದ ಬೀಗ.' ಒಡೆದರೆ ಕಂಪನಿ ಹೋಯಿತು. ಒಡೆಯದಿದ್ದರೆ ಮ್ಯಾನೇಜರು ಹೋದರು.

"ಸಾರ್, ಏನು ವಿಶೇಷ? ಬಾಗಿಲು ಹಾಕ್ಕೊಂಡ್ರಲ್ಲ?" ಎಂದು ಪತ್ರಿಕೆಯವನು ಕೇಳಿದ.

ಮ್ಯಾನೇಜರು ಕೆಂಪು ಕಣ್ಣುಗಳನ್ನು ಅಗಲಿಸಿದರು. "ಇವತ್ತು... ನಾನು... ಇವರ ಜೊತೆಗೇ ಇರ್ತೀನಿ."

ಪತ್ರಿಕೆಯವನ ಪೆನ್ನು ನಿಂತುಹೋಯಿತು. "ಅಬ್ಬಾ," ಅಂದ ಅವನು ಭಕ್ತಿಯಿಂದ. "ಬೀಗ ಹಾಕಿಸ್ಕೊಂಡು ಇರೋರನ್ನ ಇವತ್ತೇ ನೋಡಿದ್ದು. ಅತ್ತಿದ್ದೀರ ಬೇರೆ."

ಮಧ್ಯಾಹ್ನವಾಯಿತು. ಹೊಟ್ಟೆ ಮ್ಯಾನೇಜರು ಗುಮಾಸ್ತರು ಎಂದು ನೋಡುವುದಿಲ್ಲ. ಮ್ಯಾನೇಜರು ಒಲೆಯ ಹತ್ತಿರ ಸುಳಿದರು. "ತಟ್ಟೆ ಅಲ್ಲಿದೆ, ನಲ್ಲಿ ಇಲ್ಲಿದೆ. ಸ್ವಯಂ ಸೇವೆ ಕಣಪ್ಪ," ಅಂದಳು ಸೌಟಿನಕ್ಕ. ಮ್ಯಾನೇಜರು ತಟ್ಟೆ ತೊಳೆದು ಸಾಲಿನಲ್ಲಿ ನಿಂತದ್ದನ್ನು ನಾವು ಉಸಿರು ಬಿಗಿಹಿಡಿದು ನೋಡಿದೆವು. ನಾವೂ ನಿಂತೆವು. ಅಲ್ಲಿನವರ ಪಾಲಿನ ಗಂಜಿಗೆ ನಾವು ಅಷ್ಟು ಜನ ಹೆಚ್ಚಿಗೆ ಬಂದಿದ್ದೆವು. ಸೌಟಿನಕ್ಕ ಪಾತ್ರೆಯೊಳಕ್ಕೆ ಇಣುಕಿ ನೋಡಿ, ನೀರು ಬೆರೆಸಿ, ಸೌಟನ್ನು ಒಂದು ಚೂರು ಕಡಿಮೆ ಮುಳುಗಿಸಿದಳು. ಪಾತ್ರೆಯೂ ಸರಿದುಕೊಂಡಿತು. ಎಲ್ಲರಿಗೂ ಆಯಿತು.

ತಟ್ಟೆ ಹಿಡಿದು ಮ್ಯಾನೇಜರು ಸುತ್ತ ನೋಡಿದರು. ಕೂರಲು ಜಾಗವಿರಲಿಲ್ಲ.

"ಸರ್ಕೊಳ್ಳಿ," ಅಂದಳು ಸೌಟಿನಕ್ಕ.

ಕಥೆಯಾಗಿ ಕೇಳಿದ್ದನ್ನು ನಾವು ಅವತ್ತು ಕಣ್ಣಿಂದ ಕಂಡೆವು. ಆ ಅಲೆ ಗೋಡೆಯ ತನಕ ಹೋಯಿತು. ಮ್ಯಾನೇಜರ ಮುಂದೆ, ಅವರೇ ಮಾರಿ ಮುಗಿಸಿದ್ದ ನೆಲದಲ್ಲಿ, ಅವರಿಗೊಂದು ಜಾಗ ಹುಟ್ಟಿ ನಿಂತಿತು. ಅಂಗಳದಲ್ಲಿ ನಾವು ಹಿಂದೆ ಸರಿದದ್ದು ನೆನಪಾಯಿತು. ಮ್ಯಾನೇಜರು ಕೂತರು. ಪಕ್ಕದಲ್ಲಿ ಮೇಸ್ತ್ರಿ ಇದ್ದ.

"ಚೆನ್ನಾಗಿದ್ದೀರಾ ಸಾಹೇಬ್ರೇ?" ಅಂದ ಅವನು. "ಆ ಗಡಿಯಾರ ಇಲ್ಲೇ ಇದೆ. ಈ ಗೋಡೆ ಸಿಕ್ಕಿದ ಮೇಲೆ ನೇತುಹಾಕಿದೆ. ಸರಿಯಾದ ಟೈಮು ತೋರಿಸುತ್ತೆ."

ಮ್ಯಾನೇಜರು ಗಡಿಯಾರ ನೋಡಿದರು, ಗೋಡೆ ನೋಡಿದರು, ತಟ್ಟೆ ನೋಡಿದರು.

ಸೌಟಿನಕ್ಕ ಎರಡನೇ ಸಲ ಬಡಿಸಲು ಬಂದಳು. "ಈ ಗೋದಾಮು ಬಿಡಿಸ್ತಾರೆ ಅಂತ ಬೀದಿಯಲ್ಲಿ ಮಾತಾಡ್ತಾರಪ್ಪ. ಹೌದಾ?"

ಸೌಟು ತಟ್ಟೆಯ ಮೇಲೆ ನಿಂತಿತ್ತು. ಕಿಟಕಿಯಲ್ಲಿ ಪೆನ್ನು ನಿಂತಿತ್ತು. ಮ್ಯಾನೇಜರ ಬಾಯಲ್ಲಿ ಅಲ್ಲಿನವರದೇ ಗಂಜಿ ಇತ್ತು. ಜೀವಮಾನದಲ್ಲಿ ಮೊದಲ ಸಲ ಆ ಮುಖದ ಮೇಲೆ ನಮಗೆ ಬಹಳ ಪರಿಚಿತವಾದ ಒಂದು ನೋಟ ಹರಡಿತು. ದಾಕ್ಷಿಣ್ಯದ ಕಾಯಿಲೆ ಅಂಟುರೋಗ ಎಂದು ಆಗ ಗೊತ್ತಾಯಿತು.

"ಛೇ... ಹಾಗೇನಿಲ್ಲಮ್ಮ," ಅಂದರು ಮ್ಯಾನೇಜರು. "ಮಾರಾಟ ಗೀರಾಟ... ಅದೆಲ್ಲ ರದ್ದು ಮಾಡಿಸ್ತೀನಿ. ನೀವು ಇಲ್ಲೇ ಇರಿ."

"ಬರ್ಕೊಳ್ಲಾ ಸಾರ್?" ಅಂದ ಪತ್ರಿಕೆಯವನು.

"ಬರ್ಕೊಳ್ಳಿ," ಎಂದು ಮ್ಯಾನೇಜರು ನರಳಿದರು. ಆಮೇಲೆ ತಲೆಯೆತ್ತಿ ಹೇಳಿದರು: "ರೀ ದಾಕ್ಷಿಣ್ಯಪ್ಪ, ಕಲ್ಲು ಕಂಬದ ಹಾಗೆ ನಿಂತಿದ್ದೀರಲ್ಲ, ಏನಾದ್ರೂ ಮಾತಾಡ್ರೀ."

ದಾಕ್ಷಿಣ್ಯಪ್ಪ ಅಂಗಿಯ ಜೇಬಿನಿಂದ ಕೀಲಿ ತೆಗೆದ. ಬೀಗಕ್ಕೆ ಹಾಕಿ ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ಬೀಗ ಬಿಚ್ಚಿಕೊಂಡಿತು.

ಇಡೀ ಗೋದಾಮು ಬಾಯಿ ಬಿಟ್ಟುಕೊಂಡು ನೋಡಿತು.

"ಬೆಳಗಿಂದ ಜೇಬಲ್ಲೇ ಇತ್ತಾ?" ಮ್ಯಾನೇಜರು ತಟ್ಟೆ ಹಿಡಿದೇ ಎದ್ದು ನಿಂತರು. "ಯಾಕ್ರೀ ಹೇಳಲಿಲ್ಲ?"

"ಮಾತಾಡಬೇಡ ಅಂದಿದ್ರಿ ಸಾರ್," ಅಂದ ದಾಕ್ಷಿಣ್ಯಪ್ಪ. "ದೊಡ್ಡವರ ಮಾತು ಮೀರೋಕೆ ದಾಕ್ಷಿಣ್ಯ ಆಯ್ತು."